ಆಪರೇಷನ್ ಭಯ: ಅಂದು, ಇಂದು

ನಮ್ಮ ತಾಯಿಯ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ದಿನ ಗೊತ್ತುಮಾಡಿದ ಮೇಲೆ ಅವರಿಗೆ ಎರಡು ರಾತ್ರಿ ನಿದ್ದೆಯಿಲ್ಲ. "ಕಣ್ಣು ಕುಯ್ಯುವಾಗ ಎಚ್ಚರ ಇರ್ತದಂತೆ, ಹೌದಾ?" ಎಂದು ಕೇಳಿದರು. ನಾವು ಪಾಠ ಹೇಳುವವರು. ಆದರೂ ಉತ್ತರ ಹೊಳೆಯಲಿಲ್ಲ. ಆಮೇಲೆ ಈ ಭಯದ ಇತಿಹಾಸವನ್ನು ಸ್ವಲ್ಪ ಓದಿದೆವು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಮ್ಮ ಕಾಂಗೇಯಂ ಎತ್ತುಗಳಿಗೆ ಹೆಸರಾದ ಊರು. ಆದ್ದರಿಂದ ಒಬ್ಬ ಎತ್ತು ಹೊಡೆಯುವವನಿಂದಲೇ ಆರಂಭಿಸೋಣ. ಹೆಸರು ಕೊವಾಸ್ಜಿ. ಮೂರನೆಯ ಮೈಸೂರು ಯುದ್ಧದಲ್ಲಿ (1790-92) ಇಂಗ್ಲಿಷರ ಸೈನ್ಯದ ಜೊತೆಗಿದ್ದ ಇವನು ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬ ವೈದ್ಯನು ಇವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರಸಹಿತ ಪ್ರಕಟಿಸಿತು. ಈಗಿನಂಥ ಅರಿವಳಿಕೆ ಆಗ ಇರಲಿಲ್ಲ. ಹಣೆಯ ಮೇಲೆ ಕತ್ತಿ ಆಡುವಾಗ ಅವನು ಹೇಗೆ ಮಲಗಿದ್ದನೋ, ನೆನೆದರೇ ಮೈ ಜುಮ್ಮೆನ್ನುತ್ತದೆ!

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ರೋಗಿಗೆ ಈಥರ್ ಉಸಿರಾಡಿಸಿದರು. ಸರ್ಜನ್ ವಾರೆನ್ ಅವನ ಕತ್ತಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿದರು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್, ಕೊಕೇನ್ ಹನಿಯಿಂದ ಕಣ್ಣನ್ನು ಮಾತ್ರ ಮರಗಟ್ಟಿಸಬಹುದೆಂದು ತೋರಿಸಿದರು. ನಮ್ಮ ತಾಯಿ ಕೇಳಿದ 'ಎಚ್ಚರ' ಶುರುವಾದದ್ದು ಅಲ್ಲಿಂದಲೇ. ಎಚ್ಚರ ಇರುತ್ತದೆ, ಕುಯ್ಯುವ ನೋವು ಇರುವುದಿಲ್ಲ.

ನೋವಿಗೆ ಮದ್ದು ಸಿಕ್ಕಿತು, ಭಯ ಹೋಯಿತೇ? ಇಲ್ಲ. ಅದು ಪ್ರಶ್ನೆ ಬದಲಿಸಿತು, ಅಷ್ಟೆ. 'ನೋವು ತಾಳಬಲ್ಲೆನೇ' ಎನ್ನುತ್ತಿದ್ದವರು 'ಮತ್ತೆ ಏಳುತ್ತೇನೆಯೇ' ಎನ್ನತೊಡಗಿದರು.

ಈ ಭಯಕ್ಕೆ ಒಂದು ದಾರಿ ಅದೇ ಬಾಸ್ಟನ್ ಆಸ್ಪತ್ರೆಯಿಂದಲೇ ಬಂತು. 1964ರಲ್ಲಿ ಅರಿವಳಿಕೆ ತಜ್ಞ ಎಗ್‌ಬರ್ಟ್ ಮತ್ತು ಸಂಗಡಿಗರು, ಹೊಟ್ಟೆಯ ಆಪರೇಷನ್ ಆಗಬೇಕಿದ್ದ 97 ಜನರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. 46 ಜನರ ಬಳಿ ಕೂತು, ಎಲ್ಲಿ ನೋಯುತ್ತದೆ, ಏಕೆ ನೋಯುತ್ತದೆ, ಹೇಗೆ ಮೈ ಸಡಿಲ ಬಿಡಬೇಕು, ಹೇಗೆ ಮಗ್ಗುಲಾಗಬೇಕು ಎಂದು ವಿವರಿಸಿದ್ದರು. ಇವರಿಗೆ ನೋವಿನ ಮದ್ದು ಉಳಿದವರ ಅರ್ಧದಷ್ಟೇ ಸಾಕಾಯಿತು, ಸರಾಸರಿ 2.7 ದಿನ ಮೊದಲೇ ಮನೆಗೂ ಹೋದರು.

ಓದುಗರೇ, ಇಲ್ಲಿ ನಮ್ಮಂಥ ಗಡಿಯಾಚೆಯ ಕನ್ನಡಿಗರಿಗೆ ಒಂದು ಮಾತಿದೆ. ಸಂತೆಯಲ್ಲಿ ತಮಿಳು ಚೆನ್ನಾಗಿಯೇ ನಡೆಯುತ್ತದೆ. ಆದರೆ ಹೆದರಿದ ಜೀವಕ್ಕೆ ಮನೆಮಾತೇ ಬೇಕು. ನಮ್ಮ ತಾಯಿ ಆಸ್ಪತ್ರೆಯಲ್ಲಿ ಎಲ್ಲಕ್ಕೂ ತಲೆಯಾಡಿಸಿದ್ದರು, ಒಂದೂ ಮನಸ್ಸಿಗೆ ಇಳಿದಿರಲಿಲ್ಲ. ಮರುದಿನ ನಾವೇ ಡಾಕ್ಟರನ್ನು ಕೇಳಿ ಬರೆದುಕೊಂಡು ಬಂದು, ಕನ್ನಡದಲ್ಲಿ ಒಂದೊಂದಾಗಿ ಹೇಳಿದೆವು: ಎಚ್ಚರ ಇರುತ್ತದೆಯೇ, ಎಷ್ಟು ಹೊತ್ತು, ಊಟ ಯಾವಾಗ ನಿಲ್ಲಿಸಬೇಕು, ಬಿ.ಪಿ. ಮಾತ್ರೆ ನುಂಗಬೇಕೇ, ಬೇಡವೇ. ಭಯ ಪೂರ್ತಿ ಹೋಗಲಿಲ್ಲ. ಆದರೆ ಆ ರಾತ್ರಿ ಅವರು ಮಲಗಿದರು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಆಪರೇಷನ್ ಇದ್ದರೆ "ಏನೂ ಆಗಲ್ಲ, ಸುಮ್ನಿರಿ" ಎನ್ನಬೇಡಿ. ಪಕ್ಕದಲ್ಲಿ ಕೂತು, ಏನು ಭಯ ಎಂದು ಕೇಳಿ. ತಿಳಿಯದ್ದನ್ನು ಡಾಕ್ಟರಿಂದ ತಿಳಿದು ಬಂದು ಮನೆಮಾತಿನಲ್ಲಿ ಹೇಳಿ.