ತೀವ್ರ ತಾಪಮಾನ: ನೀವಿರುವ ಖೋಲಿ, ನೀವು ದುಡಿಯುವ ಪಾಳಿ ಏಕೆ ಮುಖ್ಯ?

‘ಪುಣೆಯಲ್ಲಿ ಇಂದು 40 ಡಿಗ್ರಿ’ ಎಂದು ಸುದ್ದಿಯಲ್ಲಿ ಕೇಳುತ್ತೀರಿ. ಹವಾಮಾನ ಇಲಾಖೆ ಇದನ್ನು ಅಳೆಯುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗಿನ ನೆರಳಿನಲ್ಲಿ. ಪುಣೆಯ ಮುಖ್ಯ ಮಾಪನ ಕೇಂದ್ರ ಇರುವುದು ಶಿವಾಜಿನಗರದಲ್ಲಿ. ಭೋಸರಿ ಎಂಐಡಿಸಿ ಪಕ್ಕದ ಪತ್ರಾ ಚಾವಣಿಯ ಖೋಲಿಯಲ್ಲಿ ಮಲಗಿರುವ ನಿಮ್ಮ ತಾಯಿಗೆ ತಗಲುವ ಶಾಖ ಇದಕ್ಕಿಂತ ಹೆಚ್ಚು.

ಚಾವಣಿ ಮಾಡುವ ವ್ಯತ್ಯಾಸ

ಬೆವರು ಆರಿದಾಗ ದೇಹ ತಣ್ಣಗಾಗುತ್ತದೆ. ಗಾಳಿಯಾಡದ ಕೋಣೆಯಲ್ಲಿ ಬೆವರು ಆರುವುದಿಲ್ಲ. ತಗಡು ಹಗಲಿನ ಬಿಸಿಲನ್ನು ನೇರವಾಗಿ ಒಳಗೆ ಬಿಡುತ್ತದೆ. ಸಿಮೆಂಟ್ ಸ್ಲ್ಯಾಬ್ ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ರಾತ್ರಿಯೂ ತಂಪಾಗದಿದ್ದರೆ ಹೃದಯ, ಮೂತ್ರಪಿಂಡಗಳಿಗೆ ಬಿಡುವೇ ಸಿಗುವುದಿಲ್ಲ.

ಇದು ಬರೀ ಊಹೆಯಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿಯ ಹೊತ್ತಿನಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳಾದವು. ಅಲ್ಲಿನ ಪಾಲಿಕೆಯ ಶಾರದಾಬೆನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಡ್ ಮೇಲಿನ ಮಹಡಿಯಲ್ಲಿ, ಕಾದ ಚಾವಣಿಯ ಕೆಳಗೇ ಇತ್ತು. ಅದನ್ನು ಕೆಳಮಹಡಿಗೆ ಇಳಿಸಿದ ಮೇಲೆ ಶಾಖದಿಂದ ಕಾಯಿಲೆ ಬೀಳುವ ಶಿಶುಗಳ ಸಂಖ್ಯೆ ಕಡಿಮೆಯಾಯಿತು. ಅದೇ ಊರು, ಅದೇ ಬಿಸಿಲು; ಬದಲಾದದ್ದು ಕೋಣೆ ಮಾತ್ರ.

‘ನಾವು ಕಲಬುರಗಿ ಬಿಸಿಲು ಕಂಡವರು’

ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ದುಡಿಯಲು ಬಂದವರು ಹೀಗೆ ಹೇಳುವುದುಂಟು. ಅಲ್ಲಿಯ ಬಿಸಿಲು ಪುಣೆಯದಕ್ಕಿಂತ ಜೋರು, ನಿಜ. ಆದರೆ ಊರಲ್ಲಿ ದಪ್ಪ ಗೋಡೆಯ ಮನೆ, ಬೇವಿನ ನೆರಳು, ಮಧ್ಯಾಹ್ನದ ವಿಶ್ರಾಂತಿ ಇದ್ದವು. ಇಲ್ಲಿ ಫೋರ್ಜಿಂಗ್, ಫೌಂಡ್ರಿ ಘಟಕಗಳ ಕುಲುಮೆಯ ಮುಂದೆ ಪಾಳಿ ಮುಗಿಯುವವರೆಗೂ ನಿಲ್ಲಬೇಕು.

ರಾತ್ರಿ ಪಾಳಿಯವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಮಲಗುವುದೇ ಹಗಲಿನಲ್ಲಿ, ಪತ್ರಾ ಕಾದು ಉರಿಯುವ ಹೊತ್ತಿನಲ್ಲಿ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ, ಕೆಳಮಹಡಿಯ ಪರಿಚಯದವರ ಕೋಣೆಯಲ್ಲಿ ಮಲಗಲು ಏರ್ಪಾಡು ಮಾಡಿ. ಆಗದಿದ್ದರೆ ಚಾವಣಿಗೆ ಬಿಳಿ ಸುಣ್ಣ ಬಳಿಯಿರಿ, ಕಿಟಕಿಗೆ ಹೊರಗಿನಿಂದ ಒದ್ದೆ ಗೋಣಿ ಕಟ್ಟಿ. ಯುಗಾದಿಗೋ ಜಾತ್ರೆಗೋ ಕೆಲವು ವಾರ ಊರಿಗೆ ಹೋಗಿ ಬಂದವರು ಕುಲುಮೆಯ ಕೆಲಸಕ್ಕೆ ಮರಳುವಾಗ ಎಚ್ಚರವಿರಲಿ. ದೇಹ ಆ ಶಾಖಕ್ಕೆ ಮತ್ತೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನಗಳಲ್ಲಿ ಹಗುರ ಕೆಲಸ ಕೇಳಿ ಪಡೆಯಿರಿ.

ನೀರು, ಶೌಚಾಲಯ, ಔಷಧಿ

‘ಹೆಚ್ಚು ನೀರು ಕುಡಿಯಿರಿ’ ಎಂದು ಹೇಳುವುದು ಸುಲಭ. ಆದರೆ ಸಾರ್ವಜನಿಕ ಶೌಚಾಲಯದ ಸಾಲಿಗೆ, ಕತ್ತಲೆಗೆ ಹೆದರಿ ಅನೇಕ ಹೆಣ್ಣುಮಕ್ಕಳು ಬೇಕೆಂದೇ ನೀರು ಕಡಿಮೆ ಕುಡಿಯುತ್ತಾರೆ. ಮನೆಯವರು ಬೈಯುವುದರ ಬದಲು ಶೌಚಾಲಯಕ್ಕೆ ಜೊತೆಯಾಗಿ ಹೋದರೆ ಉಪಯೋಗವಾದೀತು.

ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ ಮಾತ್ರೆ, ಬೀಟಾ ಬ್ಲಾಕರ್, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ಶಾಖ ತಡೆಯುವ ಶಕ್ತಿಯನ್ನು ತಗ್ಗಿಸುತ್ತವೆ. ಲಿಥಿಯಂ ತೆಗೆದುಕೊಳ್ಳುವವರಲ್ಲಿ ನೀರು ಕಡಿಮೆಯಾದರೆ ಔಷಧಿಯ ಅಂಶ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಬೇಸಿಗೆಗೆ ಮುನ್ನ ವೈದ್ಯರನ್ನು ಕೇಳಿ. ಫ್ರಿಜ್ ಇಲ್ಲದವರು ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒದ್ದೆ ಮಣ್ಣಿನ ಮಡಕೆಯಲ್ಲಿ ನೆರಳಿನಲ್ಲಿಡಬಹುದು.

ಫ್ಯಾನ್ ಕೋಣೆಯನ್ನು ತಣ್ಣಗಾಗಿಸುವುದಿಲ್ಲ, ಗಾಳಿಯನ್ನು ಓಡಾಡಿಸುತ್ತದೆ ಅಷ್ಟೇ. ಕೋಣೆಯ ಶಾಖ 40 ಡಿಗ್ರಿ ದಾಟಿದರೆ ಅದು ಬಿಸಿಗಾಳಿಯನ್ನೇ ಬೀಸುತ್ತದೆ. ವಯಸ್ಸಾದವರ ಮೈಯನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸಿ.

ಯಾವಾಗ ತುರ್ತು?

ಮಾತು ತೊದಲುವುದು, ಗೊಂದಲ, ಫಿಟ್ಸ್, ಪ್ರಜ್ಞೆ ತಪ್ಪುವುದು, ಮೈ ಕೆಂಡದಂತೆ ಸುಡುವುದು ಶಾಖಾಘಾತದ ಲಕ್ಷಣಗಳು. ದುಡಿಯುವಾಗ ಕುಸಿದವರು ಬೆವರುತ್ತಲೂ ಇರಬಹುದು, ಆದ್ದರಿಂದ ಬೆವರು ನೋಡಿ ಧೈರ್ಯ ತಂದುಕೊಳ್ಳಬೇಡಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಇಲ್ಲಿ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಪಿಂಪ್ರಿಯ ಯಶವಂತರಾವ್ ಚವಾಣ್ ಸ್ಮಾರಕ ಆಸ್ಪತ್ರೆ ಪಾಲಿಕೆಯ ದೊಡ್ಡ ಆಸ್ಪತ್ರೆ. ಮರಾಠಿ ಬಾರದಿದ್ದರೆ ಎರಡು ಮಾತು ನೆನಪಿಡಿ: ‘ಉಷ್ಮಾಘಾತ’ ಅಂದರೆ ಶಾಖಾಘಾತ, ‘ಶುದ್ಧೀವರ್ ನಾಹೀ’ ಅಂದರೆ ಪ್ರಜ್ಞೆ ಇಲ್ಲ.

ಚಳಿಗಾಲದಲ್ಲೂ ಇದೇ ಖೋಲಿ

ಡಿಸೆಂಬರ್, ಜನವರಿಯಲ್ಲಿ ಪುಣೆಯ ರಾತ್ರಿ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಕಾಯುವ ತಗಡು ಆಗ ಬೇಗ ತಣ್ಣಗಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೇಗಡಿ ಇಟ್ಟು ಮಲಗಬೇಡಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಚೇತರಿಸಿಕೊಳ್ಳುವಾಗ ಕೂಲಿ ಹೋದರೆ?

ಶಾಖಾಘಾತದಿಂದ ಎದ್ದವರು ಬೇಗನೆ ಕುಲುಮೆಗೆ ಮರಳಿದರೆ ಮತ್ತೆ ಕುಸಿಯುವ ಅಪಾಯವಿದೆ. ಕೂಲಿ ತಪ್ಪುವ ಭಯದಿಂದಲೇ ಹಲವರು ಮರಳುತ್ತಾರೆ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತವಿದೆಯೇ ನೋಡಿ, ಗುತ್ತಿಗೆ ಕಾರ್ಮಿಕರಿಗೂ ಇದು ಅನ್ವಯಿಸುತ್ತದೆ. ನಿಗದಿತ ದಿನಗಳ ವಂತಿಗೆ ಕಟ್ಟಿದ್ದು, ಇಎಸ್‌ಐ ವೈದ್ಯರು ರಜೆ ಬರೆದುಕೊಟ್ಟರೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳಿ.