ನರ ಜಗ್ಗುವ ನೋವಿನ ಚರಿತ್ರೆ

ಸೊಂಟದಿಂದ ಕಾಲಿಗೆ ನೋವು ಇಳಿದಾಗ "ನರ ಎಳೀತಿದೆ" ಅನ್ನುತ್ತೀರಲ್ಲ, ಅದನ್ನು ವೈದ್ಯರು ಗುರುತಿಸಿದ ಬಗೆ ಕೇಳಿ. ಸರ್ಬಿಯಾದ ಲಾಜಾ ಲಾಜಾರೆವಿಚ್ ವೈದ್ಯರೂ ಹೌದು, ಕಥೆಗಾರರೂ ಹೌದು. ಮಲಗಿದ ರೋಗಿಯ ಕಾಲನ್ನು ಮಂಡಿ ಮಡಿಸದೆ ಮೇಲೆತ್ತಿದರೆ ನೋವಾಗುವುದು ಸಯಾಟಿಕ್ ನರ ಜಗ್ಗುವುದರಿಂದ ಎಂದು ಅವರು 1880ರಲ್ಲೇ ಬರೆದರು. ಮರುವರ್ಷ ಫ್ರಾನ್ಸಿನ ಫೋರ್ಸ್ಟ್ ಇದೇ ಪರೀಕ್ಷೆಯನ್ನು ತಮ್ಮ ಗುರು ಲಾಸೆಗ್ ಅವರದೆಂದು ಬರೆದು, ಸ್ನಾಯು ನರವನ್ನು ಒತ್ತುವುದೇ ಕಾರಣ ಎಂದರು. ಕಾರಣ ಸರಿಯಾಗಿ ಹೇಳಿದವರು ಲಾಜಾರೆವಿಚ್. ಹೆಸರು ಉಳಿದದ್ದು ಲಾಸೆಗ್ ಅವರದು!

ಆ ಕಾಲದ ಶಸ್ತ್ರವೈದ್ಯರು ಮೈ ಕೊಯ್ದು ನರವನ್ನೇ ಹಿಡಿದು ಎಳೆಯುತ್ತಿದ್ದರು. 1991ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಬಟ್ಲರ್ ನರಗಳ ಚಲನೆಯ ಬಗ್ಗೆಯೇ ಪುಸ್ತಕ ಬರೆದರು. ಈಗ ಫಿಸಿಯೋಥೆರಪಿಯಲ್ಲಿ ನರವನ್ನು ಮೆಲ್ಲನೆ ಜಾರಿಸುವ ವ್ಯಾಯಾಮಗಳಿವೆ. ಕಾಲಿನ ಬಲ ಕುಂದಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ.