ಹಸಿರು ಕಟ್ಟಡ ಪ್ರಮಾಣೀಕರಣದ ಮಿತಿಗಳು

ಹಸಿರು ಕಟ್ಟಡ ಪ್ರಮಾಣೀಕರಣವು ವಿದ್ಯುತ್, ನೀರು ಹಾಗೂ ನಿರ್ಮಾಣ ಸಾಮಗ್ರಿಗಳ ಮಿತಬಳಕೆಯನ್ನು ಅಂಕಗಳ ಮೂಲಕ ಅಳೆದು ಕಟ್ಟಡಗಳಿಗೆ ದರ್ಜೆ ನೀಡುವ ಸ್ವಯಂಪ್ರೇರಿತ ವ್ಯವಸ್ಥೆಯಾಗಿದೆ. ಕಟ್ಟಡ ಇರುವ ಸ್ಥಳ, ಅದರ ಉದ್ದೇಶ ಹಾಗೂ ಪರಿಸರದ ಮೇಲೆ ಅದು ಬೀರುವ ಒಟ್ಟು ಒತ್ತಡವನ್ನು ಈ ವ್ಯವಸ್ಥೆಯು ಭಾಗಶಃ ಮಾತ್ರ ಪರಿಗಣಿಸುತ್ತದೆ.

ಭಾರತದಲ್ಲಿನ ವ್ಯವಸ್ಥೆಗಳು

ಅಮೆರಿಕದ 'ಲೀಡ್', 2001ರಲ್ಲಿ ಸ್ಥಾಪನೆಯಾದ ಭಾರತೀಯ ಹಸಿರು ಕಟ್ಟಡ ಮಂಡಳಿಯ ದರ್ಜೆಗಳು ಹಾಗೂ 'ಟೆರಿ' ಸಂಸ್ಥೆ ರೂಪಿಸಿದ 'ಗೃಹ' ಭಾರತದಲ್ಲಿ ಬಳಕೆಯಲ್ಲಿವೆ. ಲೀಡ್ ಪದ್ಧತಿಯಲ್ಲಿ ಒಟ್ಟು 110 ಅಂಕಗಳಿದ್ದು, 80 ಅಥವಾ ಹೆಚ್ಚು ಅಂಕ ಪಡೆದ ಕಟ್ಟಡಕ್ಕೆ ಪ್ಲಾಟಿನಂ ದರ್ಜೆ ದೊರೆಯುತ್ತದೆ.

ಅಂಕಪದ್ಧತಿಯ ಮಿತಿಗಳು

ಒಂದು ವಿಭಾಗದಲ್ಲಿ ಕಳೆದುಕೊಂಡ ಅಂಕಗಳನ್ನು ಇನ್ನೊಂದರಲ್ಲಿ ಗಳಿಸಬಹುದು. ಲೀಡ್ 4ನೇ ಆವೃತ್ತಿಯಲ್ಲಿ ಹೊಸ ಕಟ್ಟಡಗಳಿಗೆ ಸೂಕ್ಷ್ಮ ಭೂಮಿಯ ರಕ್ಷಣೆ ಕಡ್ಡಾಯ ಷರತ್ತಲ್ಲ. ಅದಕ್ಕೆ ಮೀಸಲಾಗಿರುವುದು 1 ಅಂಕ. ಸಾರ್ವಜನಿಕ ಸಾರಿಗೆಯ ಸಾಮೀಪ್ಯಕ್ಕೆ 5 ಅಂಕಗಳವರೆಗೆ ಇವೆ. ಹೀಗಾಗಿ ಜಲಮೂಲದ ಅಂಚಿನಲ್ಲಿರುವ ಕಟ್ಟಡವೂ ಉನ್ನತ ದರ್ಜೆ ಪಡೆಯಲು ಸಾಧ್ಯವಿದೆ. ಹೊಸ ಕಟ್ಟಡಗಳ ದರ್ಜೆಯು ಬಹುತೇಕ ವಿನ್ಯಾಸದ ಲೆಕ್ಕಾಚಾರವನ್ನು ಆಧರಿಸಿರುವುದರಿಂದ ವಾಸ್ತವ ಬಳಕೆ ಅದಕ್ಕಿಂತ ಭಿನ್ನವಾಗಬಹುದು.

ಮೌಲ್ಯಮಾಪನದ ವ್ಯಾಪ್ತಿಯೂ ಸೀಮಿತವಾದುದು. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ 2ನೇ ಟರ್ಮಿನಲ್ ಲೀಡ್ ಪ್ಲಾಟಿನಂ ಪೂರ್ವ ಪ್ರಮಾಣೀಕರಣ ಪಡೆದಿದೆ. ಆದರೆ ಅಲ್ಲಿಂದ ಹಾರುವ ವಿಮಾನಗಳ ಇಂಗಾಲದ ಹೊರಸೂಸುವಿಕೆ ಕಟ್ಟಡದ ಅಂಕಗಳ ಲೆಕ್ಕಕ್ಕೆ ಸೇರುವುದಿಲ್ಲ.

ಕುಂದಲಹಳ್ಳಿ ಮತ್ತು ಸುತ್ತಲಿನ ಪ್ರದೇಶ

1990ರ ದಶಕದ ನಂತರ ಕುಂದಲಹಳ್ಳಿ, ವೈಟ್‌ಫೀಲ್ಡ್ ಭಾಗದ ಕೃಷಿಭೂಮಿಯಲ್ಲಿ ಮಾಹಿತಿ ತಂತ್ರಜ್ಞಾನ ಸಂಕೀರ್ಣಗಳು ನಿರ್ಮಾಣವಾದವು. ಈ ಪ್ರದೇಶವಿರುವ ಬೆಂಗಳೂರು ಪೂರ್ವ ತಾಲ್ಲೂಕನ್ನು ಕೇಂದ್ರ ಅಂತರ್ಜಲ ಮಂಡಳಿಯು ಅಂತರ್ಜಲದ ಅತಿ ಬಳಕೆಯ ಪ್ರದೇಶವೆಂದು ವರ್ಗೀಕರಿಸಿದೆ. ನೀರು ಉಳಿಸುವ ನಲ್ಲಿಗಳಿಂದ ತಲಾ ಬಳಕೆ ಕಡಿಮೆಯಾದರೂ ಕಟ್ಟಡಗಳು ಹಾಗೂ ಉದ್ಯೋಗಿಗಳ ಸಂಖ್ಯೆ ಹೆಚ್ಚಿದಂತೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಒಟ್ಟು ಬೇಡಿಕೆ ಏರಬಹುದು. ಪ್ರತ್ಯೇಕ ಕಟ್ಟಡಕ್ಕೆ ನೀಡುವ ದರ್ಜೆಯಲ್ಲಿ ಈ ಸಂಚಿತ ಪರಿಣಾಮ ಕಾಣುವುದಿಲ್ಲ. 2023ರ ಮಾರ್ಚ್‌ನಲ್ಲಿ ಆರಂಭವಾದ ಕುಂದಲಹಳ್ಳಿ ಮೆಟ್ರೊ ನಿಲ್ದಾಣದಂತಹ ಸೌಲಭ್ಯ ಹತ್ತಿರದ ಕಟ್ಟಡಗಳ ಸಾರಿಗೆ ಅಂಕಗಳಿಗೆ ನೆರವಾಗಬಲ್ಲದು. ಅಂತರ್ಜಲದ ಕೊರತೆಯನ್ನು ಅದು ನೀಗಿಸದು.

ಕಾನೂನಿನೊಂದಿಗೆ ಸಂಬಂಧ

ಹಸಿರು ದರ್ಜೆಯು ಪರಿಸರ ಅನುಮತಿಗೆ ಬದಲಿಯಲ್ಲ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯು 20,000 ಚದರ ಮೀಟರ್ ಹಾಗೂ ಅದಕ್ಕಿಂತ ದೊಡ್ಡ ನಿರ್ಮಾಣಗಳಿಗೆ ಪೂರ್ವಾನುಮತಿಯನ್ನು ವಿಧಿಸಿತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ನಿರ್ಮಾಣ ಯೋಜನೆಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ನಿರ್ಮಾಣ ಸಂಸ್ಥೆಗಳಿಗೆ ದಂಡ ವಿಧಿಸಿತು. 2016ರ ಮೇ 4ರಂದು ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯವನ್ನೂ ನಿಗದಿಪಡಿಸಿತು. ನಗರ ಮಹಾಯೋಜನೆಯ ಪ್ರಕಾರ ಈ ಅಂತರ 30 ಮೀಟರ್ ಆಗಿತ್ತು. ಮಹಾಯೋಜನೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂದು 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು ವಿಸ್ತರಿತ ಮೀಸಲು ವಲಯದ ಆದೇಶವನ್ನು ರದ್ದುಪಡಿಸಿತು. ಕೆರೆಯಿಂದ ಕಟ್ಟಡ ಎಷ್ಟು ದೂರವಿರಬೇಕೆಂಬುದು ಇಂದಿಗೂ ವಲಯ ನಿಯಮಗಳು ಮತ್ತು ಅನುಮತಿ ಪ್ರಾಧಿಕಾರಗಳ ವ್ಯಾಪ್ತಿಯಲ್ಲಿಯೇ ತೀರ್ಮಾನವಾಗುವ ವಿಷಯವಾಗಿದೆ.